ನಿಮ್ಮ ಬೀದಿಯ ಫುಟ್‌ಪಾತನ್ನು ಕಾರುಗಳಿಂದ ಬಿಡಿಸಿಕೊಳ್ಳುವುದು ಹೇಗೆ

ಫುಟ್‌ಪಾತ್ ಮೇಲೆ ಕಾರು ನಿಂತಿದ್ದರೆ ಏನಾಯಿತು, ಎರಡು ಹೆಜ್ಜೆ ರಸ್ತೆಗಿಳಿದು ದಾಟಿಕೊಂಡು ಹೋಗಬಹುದಲ್ಲ ಎನ್ನುವವರು ಸಾಮಾನ್ಯವಾಗಿ ಕೈಕಾಲು ಗಟ್ಟಿಯಿದ್ದು ಕಣ್ಣು ನೆಟ್ಟಗಿರುವವರು. ಗಾಲಿಕುರ್ಚಿಯಲ್ಲಿರುವವರು ರಸ್ತೆಗೆ ಇಳಿಯಲಾರರು. ಹದಿನೈದು ಸೆಂಟಿಮೀಟರ್ ಎತ್ತರದ ಅಂಚುಗಲ್ಲು ಅವರನ್ನು ಅಲ್ಲಿಯೇ ತಡೆದು ನಿಲ್ಲಿಸುತ್ತದೆ. ಬಿಳಿಕೋಲು ಹಿಡಿದು ನಡೆಯುವವರಿಗೆ ಕೋಲು ನೆಲಮಟ್ಟದ ಅಡ್ಡಿಯನ್ನು ತಿಳಿಸುತ್ತದೆಯೇ ಹೊರತು ಸೊಂಟದ ಮೇಲೆ ಚಾಚಿಕೊಂಡಿರುವ ಕಾರಿನ ಕನ್ನಡಿಯನ್ನಲ್ಲ. ಎರಡು ಕಾರುಗಳ ನಡುವಿನಿಂದ ರಸ್ತೆಗೆ ಕಾಲಿಡುವ ಮಗುವಿನ ತಲೆ ಬಾನೆಟ್ಟಿಗಿಂತ ಕೆಳಗಿರುತ್ತದೆ. ಎದುರಿನಿಂದ ಬರುವ ಚಾಲಕನಿಗೆ ಅದು ಕಾಣುವ ಹೊತ್ತಿಗೆ ಬ್ರೇಕ್ ಹಾಕುವ ಸಮಯ ಮೀರಿರಬಹುದು. ಮೊಣಕಾಲು ನೋವಿನ ಹಿರಿಯರು ಬೇರೆ ದಾರಿ ಹಿಡಿಯುತ್ತಾರೆ: ಮನೆಯಿಂದ ಹೊರಗೆ ಬರುವುದನ್ನೇ ಬಿಡುತ್ತಾರೆ. ಆ ನಷ್ಟ ಯಾವ ಅಪಘಾತದ ಪಟ್ಟಿಯಲ್ಲೂ ದಾಖಲಾಗುವುದಿಲ್ಲ.

ಈ ತೊಂದರೆ ಎದುರಾದಾಗ ಹೆಚ್ಚಿನವರು ಮೊದಲು ಮಾಡುವ ಕೆಲಸ ದೂರು ಕೊಡುವುದು. ದೂರಿಗೆ ಬೆಲೆಯಿದೆ, ಆದರೆ ಅದನ್ನೇ ಮೊದಲು ಮಾಡಿದರೆ ಒಂದು ದಿನ ದಂಡ ಬೀಳುತ್ತದೆ, ಎರಡು ದಿನ ಜಾಗ ಖಾಲಿ ಇರುತ್ತದೆ, ಮೂರನೆಯ ದಿನ ಅದೇ ಕಾರು ಅಲ್ಲಿಯೇ ನಿಂತಿರುತ್ತದೆ. ಜೊತೆಗೆ ಪಕ್ಕದ ಮನೆಯವರೊಂದಿಗೆ ಮಾತು ನಿಂತಿರುತ್ತದೆ. ಮೊದಲು ಅಳತೆ, ಆಮೇಲೆ ಮಾತು, ಅನಂತರ ದೂರು. ಈ ಕ್ರಮವೇ ಕೆಲಸ ಮಾಡುತ್ತದೆ ಎಂಬುದು ನನ್ನ ದೃಢ ನಂಬಿಕೆ. ಫುಟ್‌ಪಾತ್ ಮೇಲೆ ಕಾರು ನಿಲ್ಲುವುದು ಒಬ್ಬರ ಕೆಟ್ಟ ಬುದ್ಧಿಯಿಂದಲೇ ಅಲ್ಲ. ಬಹಳ ಸಲ ಇಡೀ ಬೀದಿಯ ಜಾಗದ ಲೆಕ್ಕ ತಪ್ಪಿರುತ್ತದೆ, ಆ ತಪ್ಪಿನ ಹೊರೆಯನ್ನು ನಡೆಯುವವರು ಹೊರುತ್ತಿರುತ್ತಾರೆ.

ಮೊದಲ ಹೆಜ್ಜೆ: ಯಾವ ಕಾರು, ಯಾಕೆ?

ಬೀದಿಯ ಒಂದು ತುದಿಯಿಂದ ಇನ್ನೊಂದು ತುದಿಗೆ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಬೇರೆ ಬೇರೆ ಹೊತ್ತಿನಲ್ಲಿ ನಡೆಯಿರಿ. ರಜಾದಿನದಲ್ಲೂ ಒಮ್ಮೆ ನೋಡಿ. ಹಗಲಿನಲ್ಲಿ ತುಂಬಿ ರಾತ್ರಿ ಖಾಲಿಯಾಗುವ ಬೀದಿಯ ಸಮಸ್ಯೆಯೇ ಬೇರೆ, ರಾತ್ರಿ ಮಾತ್ರ ತುಂಬುವ ಬೀದಿಯ ಸಮಸ್ಯೆಯೇ ಬೇರೆ. ಮೊದಲನೆಯದರಲ್ಲಿ ಕಾರುಗಳು ಹೊರಗಿನವರದು, ಹತ್ತಿರದ ಕಚೇರಿಗೋ ಶಾಲೆಗೋ ಬಂದವರದು. ಎರಡನೆಯದರಲ್ಲಿ ನಿಮ್ಮ ನೆರೆಹೊರೆಯವರದೇ.

ನೆರೆಹೊರೆಯವರ ಕಾರುಗಳಲ್ಲೂ ಬಗೆಗಳಿವೆ. ಕಾಂಪೌಂಡಿನೊಳಗೆ ಜಾಗವಿದ್ದರೂ ಅದರಲ್ಲಿ ಹಳೆಯ ಸಾಮಾನು ತುಂಬಿರುವವರು ಒಂದು ಕಡೆ. ಒಂದು ಕಾರಿಗೆ ಜಾಗವಿದ್ದು ಎರಡನೆಯದನ್ನು ಕೊಂಡವರು ಇನ್ನೊಂದು ಕಡೆ. ಮೂರನೆಯ ಬಗೆಯವರನ್ನು ನಾವು ಅರ್ಥ ಮಾಡಿಕೊಳ್ಳುವುದೇ ಕಡಿಮೆ: ರಸ್ತೆ ಕಿರಿದಾಗಿದೆ, ಬೇರೆ ವಾಹನಗಳಿಗೆ ದಾರಿ ಬಿಡಬೇಕು ಎಂಬ ಒಳ್ಳೆಯ ಮನಸ್ಸಿನಿಂದಲೇ ಎರಡು ಚಕ್ರಗಳನ್ನು ಫುಟ್‌ಪಾತ್ ಮೇಲೆ ಏರಿಸಿ ನಿಲ್ಲಿಸುವವರು. ಇಂಥವರ ಮೇಲೆ ರೇಗಿದರೆ ಅವರಿಗೆ ನಿಜಕ್ಕೂ ಅನ್ಯಾಯವಾದಂತೆ ಅನ್ನಿಸುತ್ತದೆ. ಅದೇ ಅಳತೆಯ ಲೆಕ್ಕ ತೋರಿಸಿದರೆ ಎಲ್ಲರಿಗಿಂತ ಮೊದಲು ಒಪ್ಪುವವರೂ ಅವರೇ.

ಎರಡನೆಯ ಹೆಜ್ಜೆ: ಟೇಪ್ ಹಿಡಿದು ಅಳೆಯಿರಿ

ಇಡೀ ಕೆಲಸದ ಬೆನ್ನೆಲುಬು ಇದು. ಐದು ಮೀಟರಿನ ಟೇಪು, ಒಂದು ಹಾಳೆ, ಜೊತೆಗೆ ಒಬ್ಬರು ಇದ್ದರೆ ಸಾಕು. ವಾಹನ ಓಡಾಟ ಕಡಿಮೆ ಇರುವ ಹೊತ್ತನ್ನು ಆರಿಸಿಕೊಳ್ಳಿ. ನಾಲ್ಕು ಅಳತೆಗಳು ಬೇಕು: ರಸ್ತೆಯ ಒಂದು ಅಂಚುಗಲ್ಲಿನಿಂದ ಇನ್ನೊಂದು ಅಂಚುಗಲ್ಲಿಗೆ ಇರುವ ಅಗಲ, ಎರಡೂ ಬದಿಯ ಫುಟ್‌ಪಾತಿನ ಅಗಲ, ಕಂಬ, ಮರ, ವಿದ್ಯುತ್ ಪೆಟ್ಟಿಗೆಗಳಿರುವಲ್ಲಿ ಉಳಿಯುವ ಅಗಲ, ಮತ್ತು ಕಾರು ನಿಂತಾಗ ಅದರ ಕನ್ನಡಿಗೂ ಗೋಡೆಗೂ ನಡುವೆ ಉಳಿಯುವ ಅಗಲ. ಕೊನೆಯದನ್ನು ಚಕ್ರದಿಂದ ಅಳೆಯಬೇಡಿ. ನಡೆಯುವವರ ಮೈಗೆ ತಗಲುವುದು ಕನ್ನಡಿ.

ಈಗ ಇವನ್ನು ಕೆಲವು ಅಂಕಿಗಳ ಪಕ್ಕದಲ್ಲಿಡಿ. ಗಾಲಿಕುರ್ಚಿಯೊಂದು ನೇರವಾಗಿ ಸಾಗಲು ಕನಿಷ್ಠ 90 ಸೆಂಟಿಮೀಟರ್ ಬೇಕು. ಗಾಲಿಕುರ್ಚಿಯೂ ಎದುರಿನಿಂದ ನಡೆದು ಬರುವವರೂ ಒಬ್ಬರನ್ನೊಬ್ಬರು ದಾಟಲು ಒಂದೂವರೆ ಮೀಟರ್ ಬೇಕು. ಎರಡು ಗಾಲಿಕುರ್ಚಿಗಳು ದಾಟಲು 1.8 ಮೀಟರ್ ಬೇಕು. ರಸ್ತೆ ಎಂಜಿನಿಯರುಗಳ ಸಂಸ್ಥೆಯಾದ ಭಾರತದ ರಸ್ತೆ ಕಾಂಗ್ರೆಸ್ಸಿನ ಪಾದಚಾರಿ ಸೌಲಭ್ಯಗಳ ಮಾರ್ಗಸೂಚಿ ವಸತಿ ಪ್ರದೇಶದ ಫುಟ್‌ಪಾತಿಗೆ ಅಡ್ಡಿಯಿಲ್ಲದ 1.8 ಮೀಟರ್ ಅಗಲ ಕೇಳುವುದು ಈ ಲೆಕ್ಕಕ್ಕೆ ಹೊಂದುತ್ತದೆ. ಸಾಮಾನ್ಯ ಕಾರಿನ ಮೈ ಅಗಲ 1.7ರಿಂದ 1.9 ಮೀಟರ್, ಕನ್ನಡಿ ಸೇರಿದರೆ ಎರಡು ಮೀಟರ್ ಸುತ್ತಮುತ್ತ. ಆದ್ದರಿಂದ 1.8 ಮೀಟರ್ ಫುಟ್‌ಪಾತಿನ ಮೇಲೆ ಕಾರಿನ ಅರ್ಧ ಮೈ ಏರಿದರೂ ಉಳಿಯುವುದು ಎಂಬತ್ತು ಸೆಂಟಿಮೀಟರ್ ಆಸುಪಾಸು. ಗಾಲಿಕುರ್ಚಿಯ ದಾರಿ ಅಲ್ಲಿಗೆ ಮುಗಿಯಿತು. ಅರ್ಧ ತಾನೇ ಏರಿಸಿದ್ದೇನೆ ಎನ್ನುವ ವಾದ ಈ ಒಂದು ಅಂಕಿಯ ಎದುರು ನಿಲ್ಲುವುದಿಲ್ಲ.

ಇನ್ನು ರಸ್ತೆಯ ಲೆಕ್ಕ. ರಸ್ತೆ ಆರು ಮೀಟರ್ ಅಗಲ ಎಂದುಕೊಳ್ಳಿ. ಎರಡೂ ಬದಿಯಲ್ಲಿ ಕಾರು ನಿಂತರೆ ನಾಲ್ಕು ಮೀಟರ್ ಹೋಗಿ ಎರಡೇ ಉಳಿಯುತ್ತದೆ. ಸುಮಾರು ಎರಡೂವರೆ ಮೀಟರ್ ಅಗಲದ ಅಗ್ನಿಶಾಮಕ ವಾಹನ ಅದರಲ್ಲಿ ತೂರಲಾರದು. ಹಾಗಾಗಿಯೇ ಎರಡೂ ಬದಿಯವರು ಚಕ್ರಗಳನ್ನು ಮೇಲೇರಿಸುತ್ತಾರೆ. ಒಂದೇ ಬದಿಯಲ್ಲಿ, ಪೂರ್ತಿಯಾಗಿ ರಸ್ತೆಯ ಮೇಲೆಯೇ ನಿಲ್ಲಿಸಿದರೆ ನಾಲ್ಕು ಮೀಟರ್ ಉಳಿಯುತ್ತದೆ. ಇಂಗ್ಲೆಂಡಿನ ಕಟ್ಟಡ ಮಾರ್ಗಸೂಚಿ ಅಗ್ನಿಶಾಮಕ ವಾಹನದ ದಾರಿಗೆ ಅಂಚುಗಲ್ಲುಗಳ ನಡುವೆ 3.7 ಮೀಟರ್ ಕೇಳುತ್ತದೆ. ನಾಲ್ಕು ಮೀಟರಿನಲ್ಲಿ ಅದೂ ದಕ್ಕುತ್ತದೆ. ಅಂದರೆ ಆರು ಮೀಟರ್ ಬೀದಿಗೆ ಪರಿಹಾರ ಒಂದು ಬದಿಯ ನಿಲುಗಡೆ. ರಸ್ತೆ ಎಂಟು ಮೀಟರ್ ಇದ್ದರೆ ಎರಡೂ ಬದಿಯಲ್ಲಿ ರಸ್ತೆಯ ಮೇಲೆಯೇ ನಿಲ್ಲಿಸಬಹುದು, ಫುಟ್‌ಪಾತ್ ಮೇಲೆ ಏರಿಸಲು ಕಾರಣವೇ ಇಲ್ಲ. ಐದು ಮೀಟರಿಗಿಂತ ಕಡಿಮೆ ಇದ್ದರೆ ನಿಷ್ಠುರವಾದರೂ ನಿಜ ಹೇಳಬೇಕು: ಅಲ್ಲಿ ರಸ್ತೆಬದಿಯ ನಿಲುಗಡೆಗೆ ಜಾಗವಿಲ್ಲ, ಕಾರು ಬೇರೆಡೆ ನಿಲ್ಲಬೇಕು.

ಹಾಳೆಯ ಮೇಲೆ ಬೀದಿಯ ಅಡ್ಡಕೊಯ್ತದ ಚಿತ್ರ ಬರೆಯಿರಿ. ಗೋಡೆ, ಫುಟ್‌ಪಾತ್, ರಸ್ತೆ, ಫುಟ್‌ಪಾತ್, ಗೋಡೆ. ಪ್ರತಿಯೊಂದರ ಕೆಳಗೆ ಅಂಕಿ. ಒಂದು ಚಿತ್ರ ಈಗಿರುವ ಸ್ಥಿತಿಗೆ, ಇನ್ನೊಂದು ಆಗಬೇಕಾದ ಸ್ಥಿತಿಗೆ. ಸಭೆಯಲ್ಲಿ ಹತ್ತು ನಿಮಿಷದ ಭಾಷಣ ಮಾಡಲಾಗದ ಕೆಲಸವನ್ನು ಈ ಎರಡು ಚಿತ್ರಗಳು ಮಾಡುತ್ತವೆ.

ಮೂರನೆಯ ಹೆಜ್ಜೆ: ದಾಖಲೆ

ಫೋಟೋ ತೆಗೆಯುವಾಗ ಕಾರಿಗಿಂತ ಅಡ್ಡಿಯೇ ಕಾಣುವಂತೆ ತೆಗೆಯಿರಿ. ಉಳಿದ ಜಾಗದಲ್ಲಿ ಟೇಪು ಹಿಡಿದ ಫೋಟೋ ಎಲ್ಲಕ್ಕಿಂತ ಬೆಲೆಯುಳ್ಳದ್ದು. ಒಂದೇ ಜಾಗವನ್ನು ಬೇರೆ ಬೇರೆ ದಿನ, ಒಂದೇ ಕೋನದಿಂದ ತೆಗೆದರೆ ಇದು ಎಂದೋ ಒಮ್ಮೆ ಆದದ್ದಲ್ಲ, ನಿತ್ಯದ ಪಾಡು ಎಂದು ಗೊತ್ತಾಗುತ್ತದೆ. ದಿನಾಂಕ, ಹೊತ್ತು, ಮನೆ ಅಥವಾ ಕಂಬದ ಗುರುತು ಬರೆದಿಡಿ.

ನಂಬರ್ ಪ್ಲೇಟು ಕಾಣುವ ಫೋಟೋವನ್ನು ಸಾಮಾಜಿಕ ಜಾಲತಾಣದಲ್ಲಿ ಹಾಕಬೇಡಿ. ಅಧಿಕಾರಿಗಳಿಗೆ ಕೊಡುವುದು ಒಂದು, ಊರಿಗೆಲ್ಲ ತೋರಿಸಿ ಅವಮಾನ ಮಾಡುವುದು ಇನ್ನೊಂದು. ಎರಡನೆಯದರಿಂದ ಜಗಳ ಬೆಳೆಯುತ್ತದೆ, ಫುಟ್‌ಪಾತ್ ಹಾಗೆಯೇ ಉಳಿಯುತ್ತದೆ. ಫೋಟೋದಲ್ಲಿ ಮಕ್ಕಳ ಮುಖ ಬಾರದಂತೆಯೂ ನೋಡಿಕೊಳ್ಳಿ.

ಒಡೆದ ಹಾಸುಗಲ್ಲುಗಳ ಫೋಟೋಗಳನ್ನು ಬೇರೆಯಾಗಿ ಇಟ್ಟುಕೊಳ್ಳಿ. ಫುಟ್‌ಪಾತಿನ ತಳಪಾಯವನ್ನು ನಡೆಯುವವರ ಭಾರಕ್ಕೆ ತಕ್ಕಂತೆ ಹಾಕಿರುತ್ತಾರೆ, ಒಂದೂವರೆ ಟನ್ ತೂಗುವ ಕಾರಿಗಲ್ಲ. ಅಮೆರಿಕದ ಇಲಿನಾಯ್ಸ್‌ನಲ್ಲಿ 1958ರಿಂದ 1960ರವರೆಗೆ ನಡೆದ ಪ್ರಸಿದ್ಧ ರಸ್ತೆ ಪರೀಕ್ಷೆಯಿಂದ ಹೊರಬಂದ ಸ್ಥೂಲ ನಿಯಮವನ್ನು ರಸ್ತೆ ಎಂಜಿನಿಯರುಗಳು ಇಂದಿಗೂ ಬಳಸುತ್ತಾರೆ: ಅಚ್ಚಿನ ಮೇಲಿನ ಭಾರ ಎರಡು ಪಟ್ಟಾದರೆ ಹಾನಿ ಎರಡು ಪಟ್ಟಲ್ಲ, ಸುಮಾರು ಹದಿನಾರು ಪಟ್ಟಾಗುತ್ತದೆ. ಕಾರುಗಳು ಭಾರವಾಗುತ್ತ ಹೋದಂತೆ ಕಲ್ಲುಗಳು ಬೇಗ ಬೇಗ ಒಡೆಯುವುದಕ್ಕೆ ಇದೂ ಒಂದು ಕಾರಣ. ಕೆಳಗೆ ನೀರಿನ ಕೊಳವೆ, ಕೇಬಲ್ಲುಗಳಿರುತ್ತವೆ. ಪಕ್ಕದ ಮರದ ಬೇರಿನ ಮಣ್ಣು ಬಿಗಿದು ನೀರು ಇಳಿಯದಂತಾಗುತ್ತದೆ. ಜನರ ಕಷ್ಟಕ್ಕೆ ಕಿವಿಗೊಡದ ಕಚೇರಿಯೂ ದುರಸ್ತಿಯ ಖರ್ಚಿನ ಮಾತಿಗೆ ಕಿವಿಗೊಡುತ್ತದೆ.

ನಾಲ್ಕನೆಯ ಹೆಜ್ಜೆ: ನಿಯಮ ಏನು ಹೇಳುತ್ತದೆ?

ನಿಮ್ಮಲ್ಲಿ ಜಾರಿಯಲ್ಲಿರುವ ನಿಯಮವನ್ನು ಓದದೆ ಯಾರ ಬಾಗಿಲನ್ನೂ ತಟ್ಟಬೇಡಿ. ಓದುವಾಗ ಮೂರು ಪ್ರಶ್ನೆಗಳು ಮನಸ್ಸಿನಲ್ಲಿರಲಿ: ಫುಟ್‌ಪಾತ್ ಮೇಲೆ ನಿಲ್ಲಿಸುವುದೇ ತಪ್ಪೋ, ಅಡ್ಡಿ ಮಾಡಿದರೆ ಮಾತ್ರ ತಪ್ಪೋ? ಕ್ರಮ ಕೈಗೊಳ್ಳುವ ಅಧಿಕಾರ ಪೊಲೀಸರದ್ದೋ, ಸ್ಥಳೀಯ ಸಂಸ್ಥೆಯದ್ದೋ? ಕೆಲವು ಬೀದಿಗಳಿಗೆ ವಿನಾಯಿತಿ ಇದೆಯೋ?

ಮೊದಲ ಪ್ರಶ್ನೆ ಚಿಕ್ಕದಾಗಿ ಕಂಡರೂ ಫಲ ನಿರ್ಧರಿಸುವುದು ಅದೇ. ಲಂಡನ್ನಿನಲ್ಲಿ 1974ರ ಕಾಯ್ದೆಯಿಂದಲೇ ಫುಟ್‌ಪಾತ್ ನಿಲುಗಡೆಗೆ ಸಾರಾಸಗಟು ನಿಷೇಧವಿದೆ. ಇಂಗ್ಲೆಂಡಿನ ಉಳಿದ ಭಾಗಗಳಲ್ಲಿ ಅಂಥ ಸಾರ್ವತ್ರಿಕ ನಿಷೇಧವಿಲ್ಲದೆ ಅಡ್ಡಿಯಾಯಿತು ಎಂದು ತೋರಿಸಬೇಕಾದ ಪಾಡು ದಶಕಗಳ ಕಾಲ ನಡೆದುಬಂತು. ಸ್ಕಾಟ್ಲೆಂಡ್ 2019ರ ಸಾರಿಗೆ ಕಾಯ್ದೆಯಲ್ಲಿ ನಿಷೇಧ ತಂದು 2023ರ ಡಿಸೆಂಬರಿನಿಂದ ಜಾರಿಯ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳಿಗೆ ಕೊಟ್ಟಿತು. ಭಾರತದಲ್ಲಿ 1989ರ ರಸ್ತೆ ನಿಯಮಗಳು ಫುಟ್‌ಪಾತ್ ಮೇಲೆ ವಾಹನ ನಿಲ್ಲಿಸಬಾರದೆಂದು ನೇರವಾಗಿ ಹೇಳಿದ್ದವು, ಅವುಗಳ ಜಾಗಕ್ಕೆ ಬಂದ 2017ರ ಚಾಲನಾ ನಿಯಮಾವಳಿಯೂ ಆ ನಿಷೇಧವನ್ನು ಉಳಿಸಿಕೊಂಡಿದೆ. ರಸ್ತೆ ಸಂಚಾರ ಕುರಿತ 1968ರ ವಿಯೆನ್ನಾ ಒಪ್ಪಂದದಲ್ಲೂ ದೇಶದ ಕಾನೂನು ಅನುಮತಿ ಕೊಟ್ಟ ಕಡೆಯ ಹೊರತು ಪಾದಚಾರಿಗಳ ಹಾದಿಯಲ್ಲಿ ವಾಹನ ನಿಲ್ಲಬಾರದು ಎಂದಿದೆ. ಅಂದರೆ ಫುಟ್‌ಪಾತ್ ನಡೆಯುವವರದು ಎಂಬುದು ನಿಯಮ, ಕಾರಿಗೆ ಬಿಟ್ಟುಕೊಡುವುದು ಅಪವಾದ. ಬಹುಪಾಲು ಬೀದಿಗಳಲ್ಲಿ ಇದು ತಲೆಕೆಳಗಾಗಿ ನಡೆಯುತ್ತಿದೆ.

ಅಧಿಕಾರಿಗಳು ಕಣ್ಣುಮುಚ್ಚಿ ಕುಳಿತರೆ ನಿವಾಸಿಗಳು ಕೇಳಬಹುದೇ? ಜರ್ಮನಿಯ ಬ್ರೆಮೆನ್ ನಗರದ ಕೆಲವು ಮನೆ ಮಾಲೀಕರು ತಮ್ಮ ಬೀದಿಗಳಲ್ಲಿ ವರ್ಷಗಟ್ಟಲೆ ಫುಟ್‌ಪಾತ್ ಮೇಲೆ ನಿಂತಿದ್ದ ಕಾರುಗಳ ವಿಷಯದಲ್ಲಿ ಇದೇ ಪ್ರಶ್ನೆಯನ್ನು ನ್ಯಾಯಾಲಯದ ಮುಂದಿಟ್ಟರು. 2024ರ ಜೂನ್‌ನಲ್ಲಿ ಅಲ್ಲಿನ ಒಕ್ಕೂಟ ಆಡಳಿತ ನ್ಯಾಯಾಲಯವು ತಮ್ಮ ಮನೆಯ ಎದುರಿನ ಫುಟ್‌ಪಾತ್ ಬಳಕೆಗೆ ಗಣನೀಯ ತೊಂದರೆಯಾದಾಗ ನಿವಾಸಿಗಳು ಕ್ರಮ ಕೇಳುವ ಹಕ್ಕುಳ್ಳವರು ಎಂದು ಒಪ್ಪಿತು. ಎಲ್ಲಿಂದ ಆರಂಭಿಸಬೇಕು ಎಂಬುದನ್ನು ಆಡಳಿತ ತೊಂದರೆಯ ತೀವ್ರತೆ ನೋಡಿ ನಿರ್ಧರಿಸಬಹುದು ಎಂದೂ ಹೇಳಿತು. ಬೇರೆ ದೇಶದ ತೀರ್ಪು ನಿಮ್ಮಲ್ಲಿ ಅನ್ವಯವಾಗದೆ ಇರಬಹುದು. ಆದರೆ ಅದರಲ್ಲೂ ಮುಖ್ಯವಾದದ್ದು ಎಷ್ಟು ಅಗಲ ಉಳಿದಿದೆ, ಎಷ್ಟು ಉದ್ದಕ್ಕೆ ಎಂಬ ಅಳತೆಯ ಪ್ರಶ್ನೆಯೇ ಎಂಬುದನ್ನು ಗಮನಿಸಿ.

ಐದನೆಯ ಹೆಜ್ಜೆ: ನೆರೆಯವರೊಡನೆ ಮಾತು

ಕಾರು ನಿಲ್ಲಿಸಿ ಇಳಿಯುತ್ತಿರುವ ಹೊತ್ತಿನಲ್ಲಿ ಎದುರು ನಿಂತು ಮಾತು ಆರಂಭಿಸಬೇಡಿ. ಸಿಕ್ಕಿಬಿದ್ದವರಂತೆ ಅನ್ನಿಸಿದರೆ ಯಾರೂ ಕೇಳಿಸಿಕೊಳ್ಳುವುದಿಲ್ಲ. ಬಿಡುವಿನ ಹೊತ್ತಿನಲ್ಲಿ, ಅವರ ಮನೆಯವರೆಗೆ ಹೋಗಿ, ಒಬ್ಬರೇ ಮಾತಾಡಿ. ಗುಂಪು ಕಟ್ಟಿಕೊಂಡು ಹೋದರೆ ಅದು ದಾಳಿಯಾಗುತ್ತದೆ.

ಏನು ಹೇಳಬೇಕು? ಆರೋಪವಿಲ್ಲದ, ಅಂಕಿಯಿರುವ ಮಾತು. "ನಿಮ್ಮ ಕಾರು ನಿಂತಾಗ ಗೋಡೆಯ ಕಡೆ ಅರವತ್ತು ಸೆಂಟಿಮೀಟರ್ ಉಳಿಯುತ್ತದೆ, ಗಾಲಿಕುರ್ಚಿಗೆ ತೊಂಬತ್ತು ಬೇಕು. ಪೂರ್ತಿ ರಸ್ತೆಯ ಮೇಲೆ ನಿಲ್ಲಿಸಿದರೂ ದೊಡ್ಡ ವಾಹನಕ್ಕೆ ನಾಲ್ಕು ಮೀಟರ್ ದಾರಿ ಉಳಿಯುತ್ತದೆ, ನಾನು ಅಳೆದಿದ್ದೇನೆ." ಇಷ್ಟು ಸಾಕು. ಬೀದಿಯಲ್ಲಿ ಯಾರಿಗೆ ತೊಂದರೆಯಾಗುತ್ತಿದೆ ಎಂದು ಹೆಸರಿಸುವ ಮೊದಲು ಅವರ ಒಪ್ಪಿಗೆ ಪಡೆಯಿರಿ. ಅಂಗವಿಕಲರನ್ನು ಅವರಿಗೆ ಗೊತ್ತಿಲ್ಲದಂತೆ ಜಗಳದ ನಡುವೆ ತಂದು ನಿಲ್ಲಿಸುವುದು ಸರಿಯಲ್ಲ.

"ಎಲ್ಲರೂ ನಿಲ್ಲಿಸುತ್ತಾರೆ, ನಾನೊಬ್ಬ ಯಾಕೆ?" ಎಂಬ ಉತ್ತರ ಖಂಡಿತ ಬರುತ್ತದೆ. ಅದು ನ್ಯಾಯವಾದ ಪ್ರಶ್ನೆ. ಆದ್ದರಿಂದ ಒಬ್ಬರ ಮನೆಗೆ ಮಾತ್ರ ಹೋಗಿ ಬರುವ ಬದಲು ಇಡೀ ಸಾಲಿನ ಮನೆಗಳಿಗೆ ಹೋಗಿ, ನಿಮ್ಮ ಗೆಳೆಯರ ಮನೆಯಿಂದಲೇ ಆರಂಭಿಸಿ.

ಸಿಟ್ಟು ನೆತ್ತಿಗೇರಿದಾಗ ಕೆಲವರು ಟೈರಿನ ಗಾಳಿ ತೆಗೆಯುತ್ತಾರೆ, ಬಣ್ಣ ಗೀರುತ್ತಾರೆ, ಗಾಜಿಗೆ ಕಾಗದ ಅಂಟಿಸುತ್ತಾರೆ. ಇವು ಅಪರಾಧವಾಗಬಹುದು, ಅದಕ್ಕಿಂತ ಹೆಚ್ಚಾಗಿ, ಸರಿಯಾದ ಬೇಡಿಕೆಯನ್ನು ಕೆಡಿಸುತ್ತವೆ. ಕಾರು ಬಾರದಿರಲೆಂದು ಕಲ್ಲು, ಹೂಕುಂಡ, ಕಬ್ಬಿಣದ ತುಂಡುಗಳನ್ನು ಫುಟ್‌ಪಾತ್ ಮೇಲೆ ಇಡುವವರಿದ್ದಾರೆ. ದಯವಿಟ್ಟು ಇಡಬೇಡಿ. ಕಣ್ಣು ಕಾಣದವರು ಎಡವುವುದು ಅವುಗಳಿಗೇ. ಗೇಟಿನ ಮುಂದಿನ ಇಳಿಜಾರನ್ನು ಫುಟ್‌ಪಾತಿನ ಪೂರ್ತಿ ಅಗಲಕ್ಕೂ ಎಳೆದು ಕಾಂಕ್ರೀಟು ಹಾಕಿಸಿದ್ದರೆ, ಬೇರೆಯವರ ಕಾರಿನ ಬಗ್ಗೆ ಮಾತಾಡುವ ಮೊದಲು ನಿಮ್ಮ ಮನೆ ಮುಂದಿನ ಆ ಇಳಿಜಾರನ್ನು ಸರಿಪಡಿಸಿ.

ಆರನೆಯ ಹೆಜ್ಜೆ: ಕಾರಿಗೆ ಜಾಗ ಎಲ್ಲಿ?

ಬೀದಿಯವರೆಲ್ಲ ಒಮ್ಮೆ ಸೇರಿ ಆ ಎರಡು ಚಿತ್ರಗಳನ್ನು ನಡುವೆ ಇಟ್ಟುಕೊಳ್ಳಿ. ಒಂದು ಬದಿಯ ನಿಲುಗಡೆ ಎಂದು ತೀರ್ಮಾನವಾದರೆ ಆ ಬದಿಯ ಮನೆಯವರು "ನಮ್ಮ ಮುಂದೆಯೇ ಯಾಕೆ" ಎನ್ನುವುದು ಸಹಜ. ಬೀದಿಯ ಮೊದಲರ್ಧದಲ್ಲಿ ಒಂದು ಬದಿ, ಉಳಿದರ್ಧದಲ್ಲಿ ಇನ್ನೊಂದು ಬದಿ ಎಂದು ಹಂಚಿದರೆ ಹೊರೆ ಸಮನಾಗುತ್ತದೆ, ಮಧ್ಯದಲ್ಲಿ ದಾರಿ ವಾಲುವುದರಿಂದ ವಾಹನಗಳ ವೇಗವೂ ತಗ್ಗುತ್ತದೆ. ಗೇಟುಗಳನ್ನೂ ತಿರುವುಗಳನ್ನೂ ಬಿಟ್ಟು ಎಷ್ಟು ಕಾರು ಹಿಡಿಯುತ್ತದೆ ಎಂದು ಎಣಿಸಿ. ಸಾಲಾಗಿ ನಿಲ್ಲಿಸಲು ಪ್ರತಿ ಕಾರಿಗೆ ಐದೂವರೆಯಿಂದ ಆರು ಮೀಟರ್ ಉದ್ದ ಬೇಕು. ಕಾಂಪೌಂಡಿನೊಳಗೆ ತುಂಬಿದ ಸಾಮಾನು ತೆಗೆಯುವುದರಿಂದಲೇ ಎಷ್ಟೋ ಕಾರುಗಳು ಒಳಗೆ ಹೋಗುತ್ತವೆ.

ಲೆಕ್ಕ ಆದ ಮೇಲೂ ಕೆಲವು ಕಾರು ಉಳಿದರೆ? ಅವುಗಳಿಗೆ ಬಾಡಿಗೆ ಜಾಗ ಹುಡುಕುವುದು ಮಾಲೀಕರ ಜವಾಬ್ದಾರಿ. ಇದು ಕಠಿಣ ಎನ್ನಿಸಬಹುದು. ಜಪಾನಿನಲ್ಲಿ 1962ರ ಕಾಯ್ದೆಯ ಪ್ರಕಾರ ಸಾಮಾನ್ಯವಾಗಿ ಕಾರು ಕೊಳ್ಳುವವರು ಮನೆಯಿಂದ ಎರಡು ಕಿಲೋಮೀಟರ್ ಒಳಗೆ ನಿಲುಗಡೆಯ ಜಾಗವಿದೆ ಎಂಬುದಕ್ಕೆ ಪೊಲೀಸರಿಂದ ಪ್ರಮಾಣಪತ್ರ ಪಡೆಯಬೇಕು, ರಾತ್ರಿ ರಸ್ತೆಯನ್ನೇ ಗ್ಯಾರೇಜು ಮಾಡಿಕೊಳ್ಳುವಂತಿಲ್ಲ. ಅಲ್ಲಿನ ವಸತಿ ಬೀದಿಗಳಲ್ಲಿ ಎಷ್ಟೋ ಕಡೆ ಫುಟ್‌ಪಾತೇ ಇಲ್ಲ, ಆದರೂ ಜನ ನಿಶ್ಚಿಂತೆಯಿಂದ ನಡೆಯುತ್ತಾರೆ. ರಸ್ತೆಬದಿಯಲ್ಲಿ ಕಾರುಗಳ ಸಾಲು ಇಲ್ಲದಿರುವುದು ಅದಕ್ಕೆ ದೊಡ್ಡ ಕಾರಣ.

ಏಳನೆಯ ಹೆಜ್ಜೆ: ಪತ್ರ

ಈಗ ಬರೆಯಿರಿ. "ಕಾರುಗಳ ಹಾವಳಿ ಹೆಚ್ಚಾಗಿದೆ, ಕ್ರಮ ಕೈಗೊಳ್ಳಿ" ಎಂಬ ಪತ್ರ ಕಡತಕ್ಕೆ ಸೇರುತ್ತದೆ. ಹೀಗೆ ಬರೆದರೆ ಉತ್ತರ ಕೊಡಲೇಬೇಕಾಗುತ್ತದೆ:

"ನಮ್ಮ ಬೀದಿಯ ಫುಟ್‌ಪಾತ್ 1.8 ಮೀಟರ್ ಅಗಲವಿದ್ದು, ಕಾರುಗಳು ನಿಲ್ಲುವುದರಿಂದ ಇಂತಿಂಥ ಸ್ಥಳಗಳಲ್ಲಿ 60 ಸೆಂಟಿಮೀಟರ್ ಮಾತ್ರ ಉಳಿಯುತ್ತದೆ. ದಿನಾಂಕ, ವೇಳೆ ಸಹಿತ ಫೋಟೋಗಳನ್ನು ಲಗತ್ತಿಸಿದ್ದೇವೆ. ರಸ್ತೆಯ ಅಗಲ 6 ಮೀಟರ್ ಇರುವುದರಿಂದ ಒಂದು ಬದಿಯಲ್ಲಿ ಮಾತ್ರ ನಿಲುಗಡೆ ಗುರುತು ಹಾಕಬೇಕು, ಇನ್ನೊಂದು ಬದಿಯಲ್ಲಿ ನಿಷೇಧ ಫಲಕ ನೆಡಬೇಕು, ತಿರುವುಗಳಲ್ಲಿ ತಡೆಗಂಬ ಹಾಕಬೇಕು ಎಂದು ಕೋರುತ್ತೇವೆ. ಸ್ಥಳ ಪರಿಶೀಲನೆಯ ದಿನಾಂಕ ತಿಳಿಸಿ; ನಾವು ಹಾಜರಿರುತ್ತೇವೆ."

ಕೆಳಗೆ ಬೀದಿಯವರ ಸಹಿಗಳಿರಲಿ, ಕಾರು ಉಳ್ಳವರದೂ ಇರಲಿ. ಪೊಲೀಸರಿಗೆ ಒಂದು, ರಸ್ತೆಯ ಹೊಣೆಯಿರುವ ಸಂಸ್ಥೆಗೆ ಒಂದು ಪ್ರತಿ. ಸ್ವೀಕೃತಿ ಸಂಖ್ಯೆ ಪಡೆಯದೆ ಹಿಂದಿರುಗಬೇಡಿ. ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನ ಕಾನೂನು ಇರುವ ಕಡೆ ಆ ಸಂಖ್ಯೆಯನ್ನೇ ಹಿಡಿದು ಕಡತದ ಸ್ಥಿತಿ ಕೇಳಬಹುದು. ತುರ್ತು ವಾಹನದ ದಾರಿಯೇ ಮುಚ್ಚಿದ್ದರೆ ಪತ್ರಕ್ಕೆ ಕಾಯಬೇಡಿ, ಆಗಲೇ ಪೊಲೀಸರಿಗೆ ಕರೆ ಮಾಡಿ.

ಎಂಟನೆಯ ಹೆಜ್ಜೆ: ತಡೆಗಂಬ ಬಂದರೆ ಎಲ್ಲಿ, ಹೇಗೆ?

ಕಂಬ ನೆಡುವ ಗುತ್ತಿಗೆದಾರರು ಬಂದ ದಿನ ನೀವು ಅಲ್ಲಿರಬೇಕು. ಎರಡು ಕಂಬಗಳ ನಡುವಿನ ಅಂತರ ಸುಮಾರು 1.2 ಮೀಟರ್ ಇದ್ದರೆ ಗಾಲಿಕುರ್ಚಿ, ಮಗುವಿನ ಗಾಡಿ ಸಲೀಸಾಗಿ ಹೋಗುತ್ತವೆ, ಕಾರು ನುಗ್ಗಲಾರದು. 90 ಸೆಂಟಿಮೀಟರಿಗಿಂತ ಕಡಿಮೆ ಮಾಡಿದರೆ ಯಾರಿಗಾಗಿ ಹೋರಾಡಿದಿರೋ ಅವರನ್ನೇ ಹೊರಗೆ ನಿಲ್ಲಿಸಿದಂತಾಗುತ್ತದೆ. ಕಂಬಗಳು ಅಂಚುಗಲ್ಲಿನ ಬದಿಗೆ ಸಾಲಾಗಿರಲಿ, ನಡೆಯುವ ದಾರಿಯ ಮಧ್ಯಕ್ಕೆ ಬಾರದಿರಲಿ. ಸುಮಾರು ಒಂದು ಮೀಟರ್ ಎತ್ತರವಿರಲಿ. ಮೊಣಕಾಲೆತ್ತರದವು ಕತ್ತಲಲ್ಲಿ ಕಾಲಿಗೆ ಹೊಡೆಯುತ್ತವೆ. ನೆಲಕ್ಕಿಂತ ಎದ್ದು ಕಾಣುವ ಬಣ್ಣದ ಪಟ್ಟಿ ಇರಲಿ. ಕಂಬಗಳ ನಡುವೆ ಸರಪಳಿ ಬೇಡವೇ ಬೇಡ, ಬಿಳಿಕೋಲು ಅದರ ಕೆಳಗೆ ತೂರಿಹೋಗುತ್ತದೆ.

ಕಾರು ಏರದಿರಲೆಂದು ಫುಟ್‌ಪಾತನ್ನೇ ಎತ್ತರಿಸುವ ಉಪಾಯ ಬಹಳ ಕಡೆ ನಡೆದಿದೆ. ಅದನ್ನು ನಾನು ಒಪ್ಪುವುದಿಲ್ಲ. ಮೂವತ್ತು ಸೆಂಟಿಮೀಟರ್ ಎತ್ತರದ ಫುಟ್‌ಪಾತನ್ನು ಕಾರು ಏರುವುದಿಲ್ಲ, ಅಜ್ಜಿಯೂ ಏರುವುದಿಲ್ಲ. 15 ಸೆಂಟಿಮೀಟರಿಗೆ ಮೀರದ ಅಂಚು, ರಸ್ತೆ ದಾಟುವಲ್ಲಿ ಇಳಿಜಾರು, ಇಳಿಜಾರಿನ ಬಾಯಲ್ಲಿ ತಡೆಗಂಬ: ಈ ಮೂರು ಒಟ್ಟಿಗೆ ಬರಬೇಕು. ಹಳದಿ ಬಣ್ಣದ ಉಬ್ಬುಹಾಸು ಇದ್ದರೆ ಅದರ ಸಾಲಿಗೆ ಕಂಬ ಅಡ್ಡ ಬಾರದಂತೆ ನೋಡಿ. ಕಣ್ಣು ಕಾಣದವರಿಗಾಗಿ ಆ ಹಾಸನ್ನು ಜಪಾನಿನ ಸೈಇಚಿ ಮಿಯಾಕೆ 1965ರಲ್ಲಿ ರೂಪಿಸಿದರು. ಪಾದ ಮತ್ತು ಕೋಲಿನಿಂದ ಓದುವ ಆ ಸಾಲಿನ ಮೇಲೆ ಒಂದು ಚಕ್ರ ನಿಂತರೂ ಓದು ಅಲ್ಲಿಗೇ ತುಂಡಾಗುತ್ತದೆ.

ಅನಂತರದ ವಾರಗಳು

ಗುರುತು ಬಂದು ಕಂಬ ನಿಂತ ಮೇಲೆ ಮತ್ತೆ ಅದೇ ಹೊತ್ತುಗಳಲ್ಲಿ ನಡೆದು ನೋಡಿ. ಕಾರುಗಳು ಪಕ್ಕದ ಬೀದಿಗೆ ಹೋಗಿ ಅಲ್ಲಿನ ಫುಟ್‌ಪಾತ್ ಏರಿದ್ದರೆ ಕೆಲಸ ಅರ್ಧವೇ ಆಗಿದೆ. ನಿಮ್ಮ ಚಿತ್ರ, ಅಂಕಿ, ಪತ್ರದ ನಕಲುಗಳನ್ನು ಆ ಬೀದಿಯವರಿಗೆ ಕೊಡಿ. ಬಿಡುವಾದ ಫುಟ್‌ಪಾತಿಗೆ ಬೈಕುಗಳು, ಕಟ್ಟಡದ ಮರಳು, ಜಲ್ಲಿ ಬರುವುದು ಮೊದಲ ತಿಂಗಳಲ್ಲೇ. ಮೊದಲ ಬೈಕು ಬಂದ ದಿನವೇ ಮಾತಾಡಿ, ಹತ್ತು ಆಗುವವರೆಗೆ ಕಾಯಬೇಡಿ. ಬೀದಿಯಲ್ಲಿ ಹೊಸ ಮನೆ ಕಟ್ಟುವವರಿದ್ದರೆ ನಕ್ಷೆಯ ಹಂತದಲ್ಲೇ ಅವರನ್ನು ಕಂಡು, ಕಾರಿನ ಜಾಗ ಕಾಂಪೌಂಡಿನೊಳಗೆ ಬರುವಂತೆಯೂ ಗೇಟಿನ ಇಳಿಜಾರು ಫುಟ್‌ಪಾತನ್ನು ತುಂಡರಿಸದಂತೆಯೂ ನೋಡಿಕೊಳ್ಳಲು ಕೇಳಿ. ಗೋಡೆ ಎದ್ದ ಮೇಲೆ ಕೇಳಿ ಪ್ರಯೋಜನವಿಲ್ಲ.